ಒತ್ತು, ಹಿಡಿ, ಬಿಡು

ಬೇರೆಯವರು ಓಡಿಸುವ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತಾಗ ಇಳಿಜಾರು ಬಂತೆಂದರೆ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ, ಬರೀ ರಬ್ಬರ್ ಮ್ಯಾಟ್ ಇದೆ ಎಂದು ನನಗೆ ಗೊತ್ತು. ಕಾಲಿಗೆ ಗೊತ್ತಿಲ್ಲ. ಮೊನ್ನೆ ತಂಗಿಯ ಮಗ ಕದ್ರಿ ಗುಡ್ಡೆ ಇಳಿಯುವಾಗ ನನ್ನ ಕಾಲನ್ನು ನೋಡಿ, “ಅಂಕಲ್, ನೀವು ಎಷ್ಟು ಒತ್ತಿದ್ರೂ ಈ ಗಾಡಿ ನಿಲ್ಲುವುದಿಲ್ಲ” ಎಂದು ನಕ್ಕ. ನಾನೂ ನಕ್ಕೆ. ಕಾಲನ್ನು ಮಾತ್ರ ತೆಗೆಯಲಿಲ್ಲ.

ಈ ಚಟ ಹಿಡಿಸಿದ್ದು ಒಂದು ಹಳೆಯ ಪಿಕಪ್. ಅದು ನನ್ನ ಮಾವನದು, ಎಂದರೆ ಹೆಂಡತಿಯ ಅಪ್ಪನದು. ಅವರ ಹೆಸರು ಲಾಜರಸ್. ಆದರೆ ಬೋಳಾರದಿಂದ ಉರ್ವದವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಲಾದ್ರು ಡ್ರೈವರ್ ಎಂದು. ಬೋಳಾರದ ನದಿ ದಂಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಅವರು ಇಪ್ಪತ್ತಾರು ವರ್ಷ ಆ ಪಿಕಪ್ಪನ್ನು ಓಡಿಸಿದ್ದರು. ಎರಡನೆಯ ಮಹಾಯುದ್ಧ ಮುಗಿದ ಕಾಲದ ವಿಲಾಯತಿ ಗಾಡಿ. ಮೂತಿ ಕಪ್ಪೆಯಂತೆ ದುಂಡಗೆ, ಎರಡು ಲೈಟುಗಳು ಬಿಟ್ಟ ಕಣ್ಣು. ಹಸಿರು ಬಣ್ಣ ಎಂದು ಗಾಡಿಯ ದಾಖಲೆ ಪುಸ್ತಕದಲ್ಲಿ ಬರೆದಿತ್ತು. ಹಂಚಿನ ಧೂಳು ಕುಡಿದು ಕುಡಿದು ಅದು ಯಾವ ಬಣ್ಣವೆಂದು ಹೇಳುವುದು ಕಷ್ಟವಾಗಿತ್ತು. ಮಾವ ಕೆಲಸ ಬಿಡುವ ದಿನ ಧಣಿಗಳು, “ಇದನ್ನು ನಿಮ್ಮನ್ನು ಬಿಟ್ಟರೆ ಯಾರಿಗೂ ಸ್ಟಾರ್ಟ್ ಮಾಡ್ಲಿಕ್ಕೆ ಬರುವುದಿಲ್ಲ, ನೀವೇ ತೆಗೆದುಕೊಂಡು ಹೋಗಿ” ಎಂದು ಕೀ ಕೊಟ್ಟರಂತೆ. ಹಾಗೆ ಅದು ಉರ್ವದ ಮನೆಯ ಹಲಸಿನ ಮರದ ಬುಡಕ್ಕೆ ಬಂತು.

ಅದಾದ ಮೂರು ವರ್ಷಕ್ಕೆ ಆ ಮನೆಗೆ ನಾನು ಬಂದೆ. ಲಿಲ್ಲಿ ಅವರಿಗೆ ಒಬ್ಬಳೇ ಮಗಳು, ಅವಳ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಮನೆ ಅಳಿಯನಾದೆ. ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಮನೆಮಾತು ಕೊಂಕಣಿ. ಇಲ್ಲಿ ಬರುವ ಮಾತುಗಳನ್ನೆಲ್ಲ ನಮ್ಮೂರ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಮಾವ ನನ್ನನ್ನು ಬಹಳ ಗೌರವದಿಂದ “ಮಾಸ್ಟ್ರೇ” ಎಂದು ಕರೆಯುತ್ತಿದ್ದರು. ಅದರ ಬೆನ್ನಿಗೆ ಬರುವ ಕ್ರಿಯಾಪದ ಮಾತ್ರ ಏಕವಚನ. “ಮಾಸ್ಟ್ರೇ, ಆ ಬಾಲ್ದಿ ತಾ.” ಕನ್ನಡ ಮೇಷ್ಟ್ರಾದ ನಾನು ಈ ವ್ಯಾಕರಣ ದೋಷವನ್ನು ಕೊನೆಯವರೆಗೂ ತಿದ್ದಲಿಲ್ಲ.

ಲಿಲ್ಲಿ ನರ್ಸ್. ಮದುವೆಯಾಗಿ ಎರಡು ವರ್ಷಕ್ಕೆ ಮಸ್ಕತ್ತಿನ ಒಂದು ಆಸ್ಪತ್ರೆಗೆ ಅವಳ ಆಯ್ಕೆಯಾಯಿತು. ಎಂಬತ್ತರ ದಶಕದ ಆರಂಭ ಅದು. ನಮ್ಮ ಇಗರ್ಜಿಯ ಪ್ರತಿ ಸಾಲಿನ ಬೆಂಚಿನಲ್ಲೂ ಯಾರಾದರೊಬ್ಬರು ಗಲ್ಫಿಗೆ ಹೋದ ಜಾಗ ಖಾಲಿ ಇರುತ್ತಿತ್ತು. ಆ ಸಂಜೆ ಹಿತ್ತಿಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತ ಅವಳು ಕೇಳಿದಳು: “ಹೋಗ್ಲಾ?”

“ನಿನ್ನ ಇಷ್ಟ” ಎಂದೆ.

ಅದು ಬಹಳ ಉದಾರವಾದ ಉತ್ತರ ಎಂದು ನಾನು ನಂಬಿದ್ದೆ. ಅವಳು ಕೈಯಲ್ಲಿದ್ದ ಅಂಗಿಯನ್ನು ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚು ಕೊಡವಿ ಒಳಗೆ ಹೋದಳು.

ಬಾಯಿಬಿಟ್ಟು ಕೇಳುವುದು ನನಗೆ ಚಿಕ್ಕಂದಿನಿಂದಲೂ ಬಾರದ ವಿದ್ಯೆ. ಬಜಪೆಯ ಕಡೆ ನಮ್ಮ ಮನೆ. ಏಳು ಮಕ್ಕಳಲ್ಲಿ ನಾನು ಆರನೆಯವನು. ಬಡಿಸುವ ಸೌಟು ನನ್ನ ಬಟ್ಟಲಿಗೆ ಬರುವಷ್ಟರಲ್ಲಿ ಮೀನು ಮುಗಿದು ಸಾರು ಮಾತ್ರ ಉಳಿದಿರುತ್ತಿತ್ತು. ಸಾರು ಸಾಕು ಎನ್ನುತ್ತಿದ್ದೆ. ಬಸ್ಸಿನಲ್ಲಂತೂ ನನ್ನ ಪಾಡು ಹೇಳುವ ಹಾಗಿರಲಿಲ್ಲ. ಇಳಿಯುವ ಜಾಗ ಬಂದಾಗ ಎಲ್ಲರೂ “ಹೋಲ್ಡಾನ್!” ಎಂದು ಕೂಗಿ ಇಳಿಯುತ್ತಾರೆ. ನನಗೆ ಆ ಸ್ವರ ಹೊರಡುತ್ತಿರಲಿಲ್ಲ. ಬೇರೆ ಯಾರಾದರೂ ಇಳಿಯುವ ಸ್ಟಾಪಿನವರೆಗೆ ಹೋಗಿ, ಅಲ್ಲಿಂದ ಬಿಸಿಲಿನಲ್ಲಿ ಹಿಂದೆ ನಡೆಯುತ್ತಿದ್ದೆ. ಒಮ್ಮೆ ಯಾರೂ ಇಳಿಯಲೇ ಇಲ್ಲ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ನನ್ನನ್ನು ನೋಡಿ, “ಎಂತ ಮಾರಾಯ, ಬಾಯಿ ಇಲ್ವಾ ನಿನಗೆ?” ಎಂದ. ನಮ್ಮಮ್ಮ ಇದನ್ನು ಕೇಳಿ ನೆರೆಕರೆಯಲ್ಲೆಲ್ಲ, ನಮ್ಮ ಈ ಮಗ ತುಂಬ ಸಮಾಧಾನದವನು ಎಂದು ಹೊಗಳಿಕೊಂಡು ಬಂದಳು. ಆ ಹೊಗಳಿಕೆಯನ್ನು ನಾನು ಗಂಭೀರವಾಗಿ ತೆಗೆದುಕೊಂಡೆ.

ಲಿಲ್ಲಿ ಹೋದ ಮೇಲೆ ಉರ್ವದ ಮನೆಯಲ್ಲಿ ನಾವಿಬ್ಬರು ಗಂಡಸರು ಉಳಿದೆವು. ಬೆಳಿಗ್ಗೆ ನಾನು ಗಂಜಿಗೆ ಇಡುತ್ತಿದ್ದೆ, ಮಾವ ಮೀನು ತರುತ್ತಿದ್ದರು. ಊಟಕ್ಕೆ ಕೂತಾಗ ಮಾತಿರಲಿಲ್ಲ. ಜಗಳವಾಗಿದ್ದರೆ ಮಾತಾದರೂ ಇರುತ್ತಿತ್ತು. ಇಬ್ಬರಿಗೂ ಹೇಳಲಿಕ್ಕಿದ್ದ ವಿಷಯ ಒಂದೇ, ಅದನ್ನು ಇಬ್ಬರೂ ಹೇಳುವವರಲ್ಲ. ಮೂರನೆಯ ಕುರ್ಚಿಯ ಮೇಲೆ ಮೊದಲು ನಾನು ಪೇಪರು ಇಡತೊಡಗಿದೆ, ಆಮೇಲೆ ಮಾವ ಟಾರ್ಚು ಇಟ್ಟರು, ಆಮೇಲೆ ಅದು ಕುರ್ಚಿ ಎಂಬುದೇ ಮರೆತುಹೋಯಿತು.

ತಿಂಗಳಿಗೊಮ್ಮೆ ಎರಡು ನೀಲಿ ಏರ್‌ಮೇಲ್ ಕಾಗದ ಬರುತ್ತಿದ್ದವು. ಒಂದು ನನಗೆ, ಒಂದು ಅವರಿಗೆ. ನಾನು ನನ್ನ ಕೋಣೆಗೆ ಹೋಗುತ್ತಿದ್ದೆ, ಅವರು ಅವರ ಕೋಣೆಗೆ. ಅರ್ಧ ಗಂಟೆಯ ನಂತರ ಹೊರಗೆ ಬಂದು ಅವರು ಕೇಳುತ್ತಿದ್ದರು: “ನಿನಗೆ ಎಂತ ಬರೆದಿದ್ದಾಳೆ?” ನಾನು, ಅಲ್ಲಿ ಸೆಕೆ ಜೋರಂತೆ, ಡ್ಯೂಟಿ ಬದಲಾಯಿತಂತೆ, ಎಂದು ನಾಲ್ಕು ಮಾತು ಹೇಳುತ್ತಿದ್ದೆ. “ಹೌದು, ನನಗೂ ಹಾಗೇ ಬರೆದಿದ್ದಾಳೆ” ಎಂದು ಅವರು ಕಾಗದವನ್ನು ಬಿಸ್ಕತ್ತಿನ ಡಬ್ಬದಲ್ಲಿ ಇಡುತ್ತಿದ್ದರು.

ಇಷ್ಟು ಹೇಳಿ ಇನ್ನೂ ಬ್ರೇಕಿನ ಸುದ್ದಿಗೆ ಬಂದಿಲ್ಲ. ಬರುತ್ತೇನೆ.

ಒಂದು ಭಾನುವಾರ ಪೂಜೆ ಮುಗಿಸಿ ಪಿಕಪ್ಪಿನಲ್ಲಿ ಮನೆಗೆ ಹೊರಟಿದ್ದೆವು. ಲೇಡಿಹಿಲ್ಲಿನಿಂದ ಉರ್ವ ಮಾರುಕಟ್ಟೆಯ ಕಡೆಗೆ ಇಳಿಯುವಾಗ ಮಾವ ಬ್ರೇಕ್ ಒತ್ತಿದರು. ಪೆಡಲು ನೆಲಕ್ಕೆ ಹೋಗಿ ಕೂತಿತು, ಗಾಡಿ ತನ್ನ ಪಾಡಿಗೆ ಹೋಯಿತು. ಅವರು ಕೂಡಲೇ ಗೇರು ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಪಿಕಪ್ ಒಮ್ಮೆ ಕೆಮ್ಮಿ, ಮೀನು ಮಾರುವ ಹೆಂಗಸಿನ ಬುಟ್ಟಿಯನ್ನು ಮಗುಚಿ, ಯಾರದೋ ಮನೆ ಕಟ್ಟಲು ಹಾಕಿದ್ದ ಮರಳಿನ ರಾಶಿಗೆ ಮೂತಿ ಹುದುಗಿಸಿ ನಿಂತಿತು. ರಸ್ತೆಯ ಮೇಲೆಲ್ಲ ಬಂಗುಡೆ. ಆ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತು, “ಎಂತ ಲಾದ್ರು ಮಾಮ, ಕಣ್ಣು ಕಾಣುವುದಿಲ್ವಾ ನಿಮಗೆ? ಇಷ್ಟು ದೊಡ್ಡ ನಾನು ಇದ್ದೇನೆ!” ಎಂದಳು. ಮಾವ ಬಗ್ಗಿ ಬಂಗುಡೆ ಹೆಕ್ಕತೊಡಗಿದರು. ನಾನೂ ಹೆಕ್ಕಿದೆ. ಎದುರಿನಿಂದ ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯರು ಬರುತ್ತಿದ್ದರು. “ನಮಸ್ತೇ ಸರ್” ಎಂದರು. ಎರಡೂ ಕೈಯಲ್ಲಿ ಮೀನು ಹಿಡಿದು ನಮಸ್ತೇ ಎಂದೆ.

ಮನೆಗೆ ಬಂದವರೇ ಮಾವ ಹೇಳಿದರು: “ಬ್ರೇಕ್ ಪೂರ್ತಿ ಬಿಚ್ಚಬೇಕು. ಕ್ರಿಸ್ಮಸ್‌ಗೆ ಲಿಲ್ಲಿ ಬರ್ತಾಳೆ. ಅವಳನ್ನು ಬಜಪೆ ಏರ್‌ಪೋರ್ಟಿನಿಂದ ಈ ಗಾಡಿಯಲ್ಲೇ ತರಬೇಕು.”

“ಗ್ಯಾರೇಜಿಗೆ ಕೊಡುವನಾ?”

“ಗ್ಯಾರೇಜಿನವನಿಗೆ ಈ ಗಾಡಿಯ ವಿಷಯ ಎಂತ ಗೊತ್ತುಂಟು? ನೀನಿದ್ದೀಯಲ್ಲ.”

ಸ್ಪ್ಯಾನರಿಗೂ ಸ್ಕ್ರೂಡ್ರೈವರಿಗೂ ಇರುವ ವ್ಯತ್ಯಾಸವನ್ನು ಆಗಷ್ಟೇ ಕಲಿತಿದ್ದ ನಾನು ಹಾಗೆ ಮೆಕ್ಯಾನಿಕ್ಕಾದೆ. ಒಂದೊಂದು ಭಾನುವಾರ ಒಂದೊಂದು ಚಕ್ರ. ಜ್ಯಾಕ್ ಕೊಟ್ಟು ಚಕ್ರ ತೆಗೆದರೆ ಒಳಗೆ ಕಬ್ಬಿಣದ ಡ್ರಮ್. ತುಕ್ಕು ಹಿಡಿದು ಕೂತ ಅದನ್ನು ಮರದ ಸುತ್ತಿಗೆಯಿಂದ ಸುತ್ತಲೂ ಬಡಿದು ಬಡಿದು ಎಬ್ಬಿಸಬೇಕು. ಡ್ರಮ್ಮಿನ ಒಳಗೆ ಬಿದಿಗೆ ಚಂದ್ರನಂಥ ಎರಡು ಶೂಗಳು, ಅವುಗಳಿಗೆ ಅಂಟಿದ ಲೈನಿಂಗ್. ನಾವು ಬ್ರೇಕ್ ಒತ್ತಿದಾಗ ಆ ಲೈನಿಂಗ್ ಹೋಗಿ ಡ್ರಮ್ಮನ್ನು ಉಜ್ಜುತ್ತದೆ, ಗಾಡಿ ನಿಲ್ಲುತ್ತದೆ. ನಮ್ಮ ಗಾಡಿಯಲ್ಲಿ ಲೈನಿಂಗ್ ಎಂಬುದು ಇರಲೇ ಇಲ್ಲ. ಸವೆದು ಸವೆದು ರಿವೆಟ್ಟಿನ ತಲೆ ಮೇಲೆ ಬಂದು ಡ್ರಮ್ಮನ್ನು ಗೀರಿತ್ತು. ಮಾವ ಡ್ರಮ್ಮಿನ ಒಳಗೆ ಬೆರಳಾಡಿಸಿ, “ಮೂರು ಗೀರು. ಒಂದು ಆಳ ಉಂಟು. ಲೇತಿಗೆ ಹಾಕಿಸಬೇಕು” ಎಂದರು. ನಾನು ಬಗ್ಗಿ ನೋಡಿದೆ. ಮೂರೇ ಇದ್ದವು. ನೋಡದೆ ಹೇಳಿದ್ದು ಅವರ ಅನುಭವ ಎಂದುಕೊಂಡೆ.

ಚಕ್ರದ ಹತ್ತಿರ ಇರುವ ಸಿಲಿಂಡರಿನಲ್ಲಿ ಪುಟ್ಟ ಬಟ್ಟಲಿನಂಥ ರಬ್ಬರಿನ ಕಪ್ಪುಗಳಿರುತ್ತವೆ. ಅವು ಹಾಳಾದರೆ ಬ್ರೇಕ್ ಆಯಿಲ್ ಸೋರಿಹೋಗುತ್ತದೆ. ನಮ್ಮವು ಹಳೆಯ ಅಂಟುಂಡೆಯ ಹಾಗಾಗಿದ್ದವು. ಬಂದರಿನಲ್ಲಿ ಹಸನಬ್ಬ ಎಂಬವರ ಹಳೆ ಸಾಮಾನಿನ ಅಂಗಡಿ ಇತ್ತು. ಕಪ್ಪನ್ನು ಅಂಗೈಯಲ್ಲಿಟ್ಟು ನೋಡಿದ ಅವರು, “ಮಾಸ್ಟ್ರೇ, ಈ ಗಾಡಿ ಇನ್ನೂ ಉಂಟಾ? ಅದಕ್ಕಿಂತ ದೊಡ್ಡ ವಿಷಯ, ಲಾದ್ರು ಇನ್ನೂ ಓಡಿಸ್ತಾರಾ?” ಎಂದು ಕೇಳಿ, ಮೂರು ವಾರ ಹುಡುಕಿ ಎಲ್ಲಿಂದಲೋ ಒಂದು ಸೆಟ್ ತರಿಸಿಕೊಟ್ಟರು. ಅದನ್ನು ನಾನು ಬಹಳ ಭಕ್ತಿಯಿಂದ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಲು ಇಟ್ಟೆ. ಬೆಳಿಗ್ಗೆ ನೋಡುವಾಗ ಕಪ್ಪುಗಳು ಉಬ್ಬಿ ಉಬ್ಬಿ ಇಡ್ಲಿಯಾಗಿದ್ದವು. ರಬ್ಬರಿಗೆ ಸೀಮೆಎಣ್ಣೆ ತಾಗಬಾರದು, ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು ಎಂಬುದು ನನಗೆ ಹೇಗೆ ಗೊತ್ತಿರಬೇಕು! ಮಾವ ಬೈಯಲಿಲ್ಲ. “ಕ್ಲೀನ್ ಮಾತ್ರ ಆಗಿದೆ” ಎಂದರು. ನಾನು ಪುನಃ ಹಸನಬ್ಬರ ಮುಂದೆ ಹೋಗಿ ನಿಂತೆ. ಅವರು ನಗು ತಡೆಯಲು ಅಂಗಡಿಯ ಒಳಗೆ ಹೋಗಬೇಕಾಯಿತು.

ಅಂತೂ ನವೆಂಬರಿನಲ್ಲಿ ಎಲ್ಲ ಹೊಸದಾಗಿ ಕೂತಿತು. ಉಳಿದದ್ದು ಗಾಳಿ ತೆಗೆಯುವ ಕೆಲಸ. ಬ್ರೇಕಿನ ಪೈಪಿನೊಳಗೆ ಆಯಿಲ್ ಮಾತ್ರ ಇರಬೇಕು, ಗಾಳಿ ಇದ್ದರೆ ಪೆಡಲು ಹತ್ತಿಯ ಹಾಗೆ ಮೆತ್ತಗಾಗುತ್ತದೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬ ಮೇಲೆ ಕೂತು ಪೆಡಲು ಒತ್ತಬೇಕು, ಇನ್ನೊಬ್ಬ ಕೆಳಗೆ ಮಲಗಿ ಚಕ್ರದ ಹತ್ತಿರದ ನಿಪ್ಪಲು ಎಂಬ ಸಣ್ಣ ತಿರುಪನ್ನು ಬಿಚ್ಚಬೇಕು. ಮಾವ ಗೋಣಿಚೀಲ ಹಾಸಿ ಗಾಡಿಯಡಿ ಮಲಗಿದರು. ನಾನು ಸ್ಟೇರಿಂಗಿನ ಮುಂದೆ ಕೂತೆ.

“ಒತ್ತು” ಎಂದರು ಕೆಳಗಿನಿಂದ. ಮೂರು ಸಲ ಒತ್ತಿದೆ. “ಹಿಡಿ.” ಹಿಡಿದೆ. ನಿಪ್ಪಲು ಬಿಚ್ಚಿದಾಗ ಕಾಲಡಿಯ ಪೆಡಲು ಕುಸಿಯಿತು. ಆಯಿಲ್ ಹಿಡಿಯಲು ಇಟ್ಟ ಬಾಟಲಿಯಲ್ಲಿ ಗುಳುಗುಳು ಸದ್ದಾಯಿತು. ನಿಪ್ಪಲು ಬಿಗಿದರು. “ಬಿಡು.” ಬಿಟ್ಟೆ. “ನೀವು ಹೇಳುವ ಮೊದಲು ಬಿಟ್ಟರೆ ಎಂತ ಆಗ್ತದೆ?” ಎಂದು ವಿದ್ಯಾರ್ಥಿಯಂತೆ ಕೇಳಿದ್ದೆ. “ಹೋದ ಗಾಳಿ ಎಲ್ಲ ಪುನಃ ಒಳಗೆ ಬರ್ತದೆ. ಮೊದಲಿನಿಂದ ಮಾಡಬೇಕು” ಎಂದಿದ್ದರು. ಇಷ್ಟು ವರ್ಷ ಮಕ್ಕಳಿಗೆ ಒತ್ತಕ್ಷರ ಕಲಿಸಿದವನು ಆ ದಿನ ‘ಒತ್ತು’ ಕಲಿಯುತ್ತಿದ್ದೆ. ಮೂರು ವರ್ಷದಲ್ಲಿ ನಾವಿಬ್ಬರು ಒಬ್ಬರಿಗೊಬ್ಬರು ಅಷ್ಟು ಮಾತಾಡಿದ್ದು ಅದೇ ಮೊದಲು, ಮಾತು ಮೂರೇ ಆದರೂ.

ಮೂರು ಚಕ್ರ ಮುಗಿದಿತ್ತು. ಹಿಂದಿನ ವಾರ ಲಿಲ್ಲಿಯಿಂದ ಮಾವನಿಗೆ ಬಂದ ಕಾಗದ ಡ್ಯಾಶ್‌ಬೋರ್ಡಿನ ಮೇಲಿತ್ತು, ಒಡೆದಿರಲಿಲ್ಲ. ಕೆಳಗಿನಿಂದ ಮಾವ ಹೇಳಿದರು: “ಮಾಸ್ಟ್ರೇ, ಆ ಕಾಗದ ಒಮ್ಮೆ ಓದು. ನನ್ನ ಕೈಯೆಲ್ಲ ಗ್ರೀಸ್. ಯಾವಾಗ ಬರ್ತಾಳಂತೆ ನೋಡುವ.”

ಒಂದು ಕಾಲು ಪೆಡಲಿನ ಮೇಲೆ ಇಟ್ಟುಕೊಂಡೇ ಓದತೊಡಗಿದೆ. ಕ್ರಿಸ್ಮಸ್‌ಗೆ ಒಂದು ವಾರ ಮೊದಲು ಬರುತ್ತಾಳಂತೆ, ಬೊಂಬಾಯಿಯಿಂದ ವಿಮಾನ, ನೀನು ಮೈ ಮರೆತು ಹಲಸಿನ ಮರ ಹತ್ತಬೇಡ. “ಹಿಡಿ” ಎಂದರು ಮಾವ. ಹಿಡಿದೆ. ಓದಿದೆ:

‘ಪಪ್ಪಾ, ಇನ್ನೂ ಮೂರು ವರ್ಷ ಇರ್ತೀಯಾ ಅಂತ ಇಲ್ಲಿ ಕೇಳ್ತಿದ್ದಾರೆ. ಇರ್ತೇನೆ ಅಂತ ಹೇಳುವ ಅಂತ ಇದ್ದೇನೆ. ಮನೆಯಲ್ಲಿ ಅವರಿಗೆ ಈಗ ಹೇಳಬೇಡ. ಬಂದಾಗ ನಾನೇ ಹೇಳ್ತೇನೆ.’

ಇಷ್ಟನ್ನು ಓದಿದ್ದು ಕಣ್ಣು, ಬಾಯಲ್ಲ. ಬಾಯಿ ಬೇರೆ ಏನನ್ನೋ ಓದಿತು: “ತಾವು ಆರೋಗ್ಯದ ಕಡೆಗೆ ಗಮನ ಕೊಡತಕ್ಕದ್ದು. ಇಲ್ಲಿಯ ಹವಾಮಾನ ಹಿತಕರವಾಗಿದೆ.”

“ಬಿಡು ಅಂತ ಹೇಳಿದೆನಾ ನಾನು?” ಕೆಳಗಿನಿಂದ ಕೂಗಿದರು.

ನೋಡಿದರೆ ನನ್ನ ಕಾಲು ಪೆಡಲಿನ ಮೇಲೆ ಇರಲಿಲ್ಲ.

ಆಮೇಲೆ ಮಾವ ಗಾಡಿಯಡಿಯಿಂದ ನಿಧಾನವಾಗಿ ಹೊರಗೆ ಸರಿದು, ಚಕ್ರಕ್ಕೆ ಒರಗಿ ಕೂತರು. “ನನ್ನ ಮಗಳು ನನಗೆ ‘ತಾವು’ ಅಂತ ಬರೆಯುವವಳಲ್ಲ. ಅದು ನಿನ್ನ ಪಾಠಪುಸ್ತಕ. ಅವಳು ಬರೆದದ್ದು ಓದು.”

ಓದಿದೆ. ಅಲ್ಲಿಗೆ ಕಾಗದವನ್ನು ಮಡಿಸಿ ಅವರ ಅಂಗಿಯ ಕಿಸೆಗೆ ಹಾಕಿದೆ. ಮೂರು ವರ್ಷ ಎಂದರೆ ಎಷ್ಟು ಭಾನುವಾರ ಎಂದು ಲೆಕ್ಕ ಹಾಕಲು ಹೋಗಿ ನಡುವೆ ಬಿಟ್ಟೆ. ಮಾವ ಗ್ರೀಸು ಕೈಯನ್ನು ಲುಂಗಿಗೆ ಒರಸಿಕೊಂಡರು.

“ಅವಳದ್ದು ನಿನಗೆ ಗೊತ್ತಾಯಿತು. ನನ್ನದೂ ಒಂದು ಹೇಳಿಬಿಡ್ತೇನೆ” ಎಂದರು. “ನನಗೆ ಕಣ್ಣು ಕಾಣುವುದಿಲ್ಲ ಮಾಸ್ಟ್ರೇ. ಎಡದ್ದರಲ್ಲಿ ಬರೀ ಬೆಳಕು. ಬಲದ್ದರಲ್ಲಿ ಹೊಗೆ. ಆ ದಿನ ಬ್ರೇಕ್ ಹೋದದ್ದು ಹೌದು. ಆದ್ರೆ ಆ ಹೆಂಗಸನ್ನು ನಾನು ನೋಡ್ಲೇ ಇಲ್ಲ.”

ನನಗೆ ಆ ನೀಲಿ ಕಾಗದಗಳು ನೆನಪಾದವು. “ಮತ್ತೆ ಅವಳ ಕಾಗದ ಬಂದಾಗೆಲ್ಲ ಒಳಗೆ ಹೋಗಿ ಎಂತ ಮಾಡ್ತಿದ್ರಿ?”

“ಕೂತ್ಕೊಳ್ತಿದ್ದೆ.”

“ಅರ್ಧ ಗಂಟೆ?”

“ಅವಳ ಕಾಗದ ಅಲ್ವಾ” ಎಂದರು.

ಅವಳಿಗೆ ಹೇಳಬೇಡ, ಹೇಳಿದರೆ ಅಲ್ಲಿ ಅವಳಿಗೆ ನಿದ್ದೆ ಬರುವುದಿಲ್ಲ ಎಂದು ಮಾತು ತೆಗೆದುಕೊಂಡರು. ಕೊಟ್ಟೆ. “ಬಾ. ಗಾಳಿ ಒಳಗೆ ಹೋಗಿದೆ. ಮೊದಲಿನಿಂದ” ಎಂದು ಅವರು ಪುನಃ ಗೋಣಿಯ ಮೇಲೆ ಮಲಗಿದರು. ನಾಲ್ಕೂ ಚಕ್ರ ಮತ್ತೊಮ್ಮೆ ಮಾಡಿದೆವು. ಒತ್ತು, ಹಿಡಿ, ಬಿಡು. ಆ ಮಧ್ಯಾಹ್ನ ನಾನು ಬೇರೆ ಯಾವ ಶಬ್ದವನ್ನೂ ಕೇಳಲು ಸಿದ್ಧನಿರಲಿಲ್ಲ, ಅವರೂ ಬೇರೆ ಹೇಳಲಿಲ್ಲ.

ಮರುದಿನದಿಂದ ಅವರು ನನಗೆ ಗಾಡಿ ಕಲಿಸಿದರು. ಕಣ್ಣು ಕಾಣದವರು ಕಲಿಸಿದ ಡ್ರೈವಿಂಗ್ ನನ್ನದು. ಪಕ್ಕದಲ್ಲಿ ಕೂತು ಇಂಜಿನಿನ ಸ್ವರ ಕೇಳಿಯೇ, “ಅದು ಅಳ್ತಾ ಉಂಟು, ಎರಡಕ್ಕೆ ಹಾಕು” ಎನ್ನುತ್ತಿದ್ದರು. ಲೈಸೆನ್ಸು ಕೈಗೆ ಬಂದದ್ದು ಲಿಲ್ಲಿ ಬರುವ ನಾಲ್ಕು ದಿನ ಮೊದಲು.

ಬಜಪೆಯಲ್ಲಿ ವಿಮಾನದಿಂದ ಇಳಿದ ಲಿಲ್ಲಿ ಸ್ಟೇರಿಂಗಿನ ಹಿಂದೆ ನನ್ನನ್ನು ಕಂಡು, “ನೀವಾ!” ಎಂದು ಬಾಯಿಗೆ ಕೈಯಿಟ್ಟು ನಕ್ಕಳು. ನಮ್ಮಿಬ್ಬರ ನಡುವೆ ಕೂತಳು. ಮರವೂರಿನ ಕಡೆಗೆ ಆ ತಿರುವು ತಿರುವಿನ ಇಳಿಜಾರಿನಲ್ಲಿ ಪ್ರತಿ ಸಲ ನಾನು ಬ್ರೇಕ್ ಮುಟ್ಟಿದಾಗಲೂ ಪಿಕಪ್ ಹೇಳಿದ ಮಾತು ಕೇಳುವ ಎತ್ತಿನಂತೆ ನಿಧಾನವಾಯಿತು. ಮಾವನ ಮುಖದಲ್ಲಿ ಹೆಮ್ಮೆ. ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ನನಗೆ ಗೊತ್ತಿದ್ದದ್ದು ಗೊತ್ತಿಲ್ಲದ ಹಾಗೆ ಇರಲು ನಾನು ರಸ್ತೆಯನ್ನೇ ನೋಡುತ್ತಿದ್ದೆ.

ಮೂರನೆಯ ದಿನ ಹಬ್ಬದ ತಿಂಡಿಗೆ ಹಿಟ್ಟು ಲಟ್ಟಿಸುತ್ತ ಅವಳು ಹೇಳಿದಳು: “ಇನ್ನೂ ಮೂರು ವರ್ಷಕ್ಕೆ ಕೇಳ್ತಿದ್ದಾರೆ.”

“ಹೂಂ” ಎಂದೆ.

“ಅಷ್ಟೇಯಾ?”

ತಿಂಗಳಿಡೀ ಒಬ್ಬನೇ ನುಂಗಿ ನುಂಗಿ ನನ್ನಲ್ಲಿ ಆಶ್ಚರ್ಯ ಎಂಬುದು ಉಳಿದಿರಲಿಲ್ಲ. “ನಿನ್ನ ಇಷ್ಟ” ಎಂದೆ. ಅವಳು ಲಟ್ಟಣಿಗೆಯನ್ನು ಜೋರಾಗಿ ಒತ್ತಿದಳು. ಹಿಟ್ಟು ಹರಿಯಿತು.

ಮಾವ ಅವಳು ತಂದ ಕಪ್ಪು ಕನ್ನಡಕವನ್ನು ಮನೆಯೊಳಗೂ ಹಾಕಿಕೊಂಡು, ಬೆಳಕಿಗೆ ಬೆನ್ನು ಮಾಡಿ ಕೂತು, ನಾಲ್ಕು ವಾರ ತಳ್ಳಿದರು. ಅವಳು ಹೊರಡುವ ಎರಡು ದಿನ ಮೊದಲು ಕಾಫಿಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿ ಸಿಕ್ಕಿಬಿದ್ದರು. ಲಿಲ್ಲಿ ಕನ್ನಡಕ ತೆಗೆದು, ಗಲ್ಲ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿ ನೋಡಿದಳು. ನರ್ಸಿನ ಕಣ್ಣು. “ಪಪ್ಪಾ, ಎಷ್ಟು ಸಮಯದಿಂದ?” ಎಂದಳು. ಆಮೇಲೆ, “ಹಾಗಾದ್ರೆ ನನ್ನ ಕಾಗದ ಯಾರು ಓದಿದ್ದು?”

“ಮುಂಚಿನದ್ದು ಯಾರೂ ಓದಿಲ್ಲ ಮಗಾ. ಕೊನೇದ್ದು ಮಾಸ್ಟ್ರು ಓದಿ ಹೇ‌ಳಿದ್ರು.”

ಅವಳು ನನ್ನ ಕಡೆ ತಿರುಗಿದಳು. “ಓದಿದ್ರಾ?”

“ಓದಿದೆ.”

“ಪೂರ್ತಿ?”

“ಪೂರ್ತಿ” ಎಂದೆ.

ಅವಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಬೇರೆಯವರ ಕಾಗದ ಓದಿದ್ದಕ್ಕೆ ಸಿಟ್ಟು ಎಂದುಕೊಂಡೆ. “ಆಯ್ತು” ಎಂದಳು, ಒಳಗೆ ಹೋಗಿ ಪೆಟ್ಟಿಗೆ ಕಟ್ಟತೊಡಗಿದಳು. ಬಜಪೆಯಲ್ಲಿ ಒಳಗೆ ಹೋಗುವಾಗಲೂ ಪಪ್ಪನ ಕಣ್ಣಿನ ಆಪರೇಶನ್ ವಿಷಯ ಮಾತ್ರ ಹೇಳಿದಳು. ಅವಳನ್ನು ಬಿಟ್ಟು ಬರುವಾಗ ಸೀಟಿನ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಮಾವ ಬಾಗಿಲಿಗೆ ಒತ್ತಿ ಕೂತಿದ್ದರು. ನಾನೂ ಈ ಬಾಗಿಲಿಗೆ ಒತ್ತಿ ಕೂತಿದ್ದೆ. ಇಳಿಜಾರಿನಲ್ಲಿ ಒಂದು ಕೈಚೀಲ ಆ ಕಡೆಗೂ ಈ ಕಡೆಗೂ ಜಾರುತ್ತಿತ್ತು. ಇಬ್ಬರೂ ಅದನ್ನು ಹಿಡಿಯಲಿಲ್ಲ.

ಪೊರೆ ಹಣ್ಣಾಗಲಿ ಎಂದು ಡಾಕ್ಟರು ಕಾಯಿಸಿ, ಮಾರ್ಚಿನಲ್ಲಿ ಬಲಗಣ್ಣಿಗೆ ಆಪರೇಶನ್ ಮಾಡಿದರು. ಸೋಡಾ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ ಬಂತು. ಮಾವ ಬಿಸ್ಕತ್ತಿನ ಡಬ್ಬ ತೆಗೆದುಕೊಂಡು ಹಲಸಿನ ಮರದಡಿ ಕೂತರು. ಓದದೆ ಇಟ್ಟಿದ್ದ ಒಂಬತ್ತು ಕಾಗದಗಳನ್ನು ನಾಲ್ಕು ದಿನ ಓದಿದರು. ಒಬ್ಬರೇ ನಗುತ್ತಿದ್ದರು. ಒಂದು ವರ್ಷ ಹಿಂದಿನ ಸುದ್ದಿಯನ್ನು ಹೊಸದೆಂಬಂತೆ ಬಂದು ಹೇಳುತ್ತಿದ್ದರು.

ನಾಲ್ಕನೆಯ ದಿನ, ಶನಿವಾರ, ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅವರು ಬಂದು ಒಂದು ಕಾಗದವನ್ನು ಪತ್ರಿಕೆಯ ಮೇಲೆ ಇಟ್ಟರು. ಆ ಕಾಗದವೇ. ಏರ್‌ಮೇಲ್ ಕಾಗದದಲ್ಲಿ ಅಂಟಿಸುವ ಒಂದು ಕಿರು ಮಡಿಕೆ ಇರುತ್ತದೆ. ಜಾಗ ಸಾಲದೆ ಹೋದಾಗ ಅದರ ಹಿಂದೆಯೂ ಬರೆಯುತ್ತಾರೆ.

“ಮಾಸ್ಟ್ರೇ, ನೀನು ಇದನ್ನು ಓದಿದ್ದೀಯಾ?”

ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡೇ ಸಾಲು: ‘ಬೇಡ ಅಂತ ಅವರು ಒಂದು ಮಾತು ಹೇಳಿದ್ರೆ ನಾನು ಪುನಃ ಬರುವುದೇ ಇಲ್ಲ ಇಲ್ಲಿಗೆ. ಆದ್ರೆ ಅವರು ಹೇಳುವವರಲ್ಲ ಪಪ್ಪಾ.’

ಪೂರ್ತಿ ಓದಿದೆ ಎಂದು ನಾನು ಅವಳಿಗೆ ಹೇಳಿದ್ದೆ. ಅವಳು ಅದನ್ನು ನಂಬಿ ವಿಮಾನ ಹತ್ತಿದ್ದಳು. ಒಂದು ಮಾತಿಗೆ ಅವಳು ಉಳಿಯುತ್ತಾಳೆಂದು ಗೊತ್ತಿದ್ದೂ ನಾನು ಆ ಮಾತು ಹೇಳಲಿಲ್ಲ ಎಂದುಕೊಂಡು ಹತ್ತಿದ್ದಳು. ಎದುರಿನ ಪತ್ರಿಕೆಯ ಮೇಲೆ ಕೆಂಪು ಶಾಯಿಯ ದೊಡ್ಡ ಚುಕ್ಕೆ ಹರಡುತ್ತಿತ್ತು. ಪೆನ್ನನ್ನು ಅಲ್ಲೇ ಒತ್ತಿ ಹಿಡಿದಿದ್ದೆ.

“ಗಾಡಿ ತೆಗೆ” ಎಂದರು ಮಾವ.

ತಾರು ಕಚೇರಿಯಲ್ಲಿ ಮಸ್ಕತ್ತಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಮೂರು ಗಂಟೆ ಕಾದೆ. ಮಾವ ಹೊರಗೆ ಪಿಕಪ್ಪಿನಲ್ಲಿ ಕೂತಿದ್ದರು. ಕೊನೆಗೆ ಹೆಸರು ಕೂಗಿದರು. ರಿಸೀವರಿನಲ್ಲಿ ಮೊದಲು ಬಾಣಲೆಯಲ್ಲಿ ಏನೋ ಹುರಿಯುವಂಥ ಸದ್ದು, ಅದರ ಹಿಂದೆ ಅವಳು: “ಹಲೋ! ಪಪ್ಪನಿಗೆ ಎಂತ ಆಯಿತು?”

“ಪಪ್ಪ ಸರಿ ಇದ್ದಾರೆ. ಲಿಲ್ಲಿ, ನಾನು ಪೂರ್ತಿ ಓದಿರಲಿಲ್ಲ.”

“ಎಂತ?”

“ಕಾಗದ! ಮಡಿಕೆಯ ಹಿಂದೆ ಬರೆದದ್ದು! ಅದನ್ನು ಓದಿರಲಿಲ್ಲ!”

ಹುರಿಯುವ ಸದ್ದು ಮಾತ್ರ ಉಳಿಯಿತು. ನಿಮಿಷಗಳು ಹೋಗುತ್ತಿದ್ದವು.

“ಈಗ ಸಹಿ ಹಾಕಿ ಆಯಿತಲ್ಲ” ಎಂದಳು.

“ಗೊತ್ತುಂಟು. ಆದರೂ ಕೇಳ್ತಿದ್ದೇನೆ. ಬಾ.”

“ಎಂತ? ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ.”

“ಬಾ!” ಎಂದು ಕೂಗಿದೆ. ಕೌಂಟರಿನ ಗುಮಾಸ್ತ ತಲೆ ಎತ್ತಿದ. ಬೆಂಚಿನಲ್ಲಿ ತೂಕಡಿಸುತ್ತಿದ್ದ ಮುದುಕಿ ಎದ್ದು ಕೂತಳು. ಅಷ್ಟರಲ್ಲಿ ಲೈನು ಕಡಿಯಿತು.

ಹೊರಗೆ ಬಂದೆ. ಮಾವ ಆ ದಪ್ಪ ಕನ್ನಡಕದಿಂದ ನನ್ನ ಮುಖವನ್ನು ಚೆನ್ನಾಗಿ ನೋಡಿದರು. “ಎಂತ ಹೇಳಿದಳು?”

“ಇನ್ನೊಮ್ಮೆ ಹೇಳಿ ಅಂದಳು. ಹೇಳಿದೆ. ಲೈನ್ ಕಟ್ ಆಯಿತು.”

“ಮತ್ತೆ ಇಲ್ಲಿ ಎಂತ ಮಾಡ್ತಿದ್ದೀ? ಒಳಗೆ ಹೋಗು. ಪುನಃ ಬುಕ್ ಮಾಡು.”

ಹೋದೆ. ಆ ದಿನ ಮತ್ತೆ ಲೈನು ಸಿಗಲಿಲ್ಲ. ಲಿಲ್ಲಿ ಸಹಿ ಹಾಕಿದ ಮೂರು ವರ್ಷದಲ್ಲಿ ಒಂದನ್ನು ಹೇಗೋ ಬಿಡಿಸಿಕೊಂಡು ಎರಡು ವರ್ಷದ ನಂತರ ಊರಿಗೆ ಬಂದಳು, ಮತ್ತೆ ಹೋಗಲಿಲ್ಲ. ಆ ಎರಡು ವರ್ಷ ಮನೆ ಮೊದಲಿನ ಹಾಗೇ ಖಾಲಿಯಿತ್ತು. ಅದೇ ಗಂಜಿ, ಅದೇ ಮೀನು, ಎದುರು ಬದುರು ನಾವಿಬ್ಬರೇ. ಪ್ರತಿ ತಿಂಗಳ ಮೊದಲ ಶನಿವಾರ ಮಾತ್ರ ನಾನು ತಾರು ಕಚೇರಿಗೆ ಹೋಗಿ ಆ ಒಂದು ಮಾತು ಹೇಳುತ್ತಿದ್ದೆ. ಪ್ರತಿ ಸಲವೂ ಅವಳು, “ಎಂತ? ಕೇಳಿಸಲಿಲ್ಲ” ಎನ್ನುತ್ತಿದ್ದಳು. ಪ್ರತಿ ಸಲವೂ ನಾನು ಇಡೀ ಕಚೇರಿಗೆ ಕೇಳುವ ಹಾಗೆ ಹೇಳಿದೆ.